ಚಿಮಣಿಯಿಂದ ಇಳಿದ ಧೂಳು ರಸ್ತೆಯಲ್ಲಿ ಸುಮ್ನೆ ಬಿದ್ದಿರುವುದಿಲ್ಲ

ಪೋರ್ಟ್ ಪಿರಿ ದಕ್ಷಿಣ ಆಸ್ಟ್ರೇಲಿಯಾದ ಒಂದು ಸಣ್ಣ ಬಂದರು ಊರು. ಅಡಿಲೇಡ್‌ನಿಂದ ಉತ್ತರಕ್ಕೆ ಇನ್ನೂರು ಚಿಲ್ಲರೆ ಕಿಲೋಮೀಟರ್. 1889ರಿಂದ ಅಲ್ಲಿ ಸೀಸದ ಅದಿರು ಕರಗಿಸುತ್ತಿದ್ದಾರೆ. ಆ ಊರಿನ ಮಕ್ಕಳ ಪಾರ್ಕುಗಳಲ್ಲಿ ಮ್ಯಾಕ್ವಾರಿ ವಿಶ್ವವಿದ್ಯಾಲಯದ ಮಾರ್ಕ್ ಟೇಲರ್ ಮತ್ತು ಸಂಗಡಿಗರು ಒಂದು ಸರಳ ಪರೀಕ್ಷೆ ಮಾಡಿದರು. ಆಟಕ್ಕೆ ಮೊದಲು ಒದ್ದೆ ಬಟ್ಟೆಯಿಂದ ಕೈ ಒರೆಸಿದರು. ಜಾರುಬಂಡೆ, ಉಯ್ಯಾಲೆ ಹಿಡಿದು ಸ್ವಲ್ಪ ಹೊತ್ತು ಆಡಿದ ಮೇಲೆ ಇನ್ನೊಂದು ಬಟ್ಟೆಯಿಂದ ಮತ್ತೆ ಒರೆಸಿದರು. ಎರಡೂ ಬಟ್ಟೆ ಲ್ಯಾಬಿಗೆ ಹೋದವು. 2013ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಆಡಿದ ಮೇಲೆ ಕೈಯಲ್ಲಿ ಸೀಸ ಎಷ್ಟೋ ಪಟ್ಟು ಜಾಸ್ತಿ. ಜೊತೆಗೆ ಆರ್ಸೆನಿಕ್, ಕ್ಯಾಡ್ಮಿಯಂ. ಕುಲುಮೆಗೆ ಹತ್ತಿರವಾದಷ್ಟೂ ಇನ್ನೂ ಹೆಚ್ಚು.

ಜಾರುಬಂಡೆಯಲ್ಲಿ ದೋಷ ಇರಲಿಲ್ಲ. ಅದರ ಮೇಲೆ ಕೂತಿದ್ದ ಧೂಳಿನಲ್ಲಿತ್ತು. ಅದೇ ಧೂಳು ಊರಿನ ರಸ್ತೆ ಬದಿಯಲ್ಲೂ ಇದೆ, ಮನೆಯ ಕಿಟಕಿ ಸಂದಿಯಲ್ಲೂ ಇದೆ, ಅಟ್ಟದ ಮೇಲೂ ಇದೆ.

ಕಾರ್ಖಾನೆಯ ಮಾಲಿನ್ಯ ಅಂದ ಕೂಡಲೇ ನಾವು ತಲೆ ಎತ್ತಿ ಚಿಮಣಿ ನೋಡುತ್ತೇವೆ. ಅಳೆಯುವ ಯಂತ್ರಗಳೂ ಗಾಳಿಯನ್ನೇ ಅಳೆಯುತ್ತವೆ. ಗಾಳಿಯಲ್ಲಿ ತೇಲುವಷ್ಟು ಹೊತ್ತು ಕಣಕ್ಕೆ ಲೆಕ್ಕ ಇದೆ. ನೆಲಕ್ಕೆ ಬಿದ್ದಿತೋ, ಲೆಕ್ಕ ಮುಗಿಯಿತು. ಆದರೆ ಸೀಸದಂತಹ ಲೋಹದ ವಿಷಯದಲ್ಲಿ ಮಕ್ಕಳಿಗೆ ಅಪಾಯ ಜೋರಾಗುವುದೇ ಆಮೇಲೆ. ಲೋಹ ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ, ಬಿಸಿಲಿಗೆ ಒಡೆಯುವುದಿಲ್ಲ. ಬಿದ್ದಲ್ಲೇ ಇರುತ್ತದೆ, ಇಲ್ಲವೇ ಜಾಗ ಬದಲಿಸುತ್ತದೆ. ಜಾಗ ಬದಲಿಸಲು ಅದಕ್ಕೆ ಸಿಗುವ ಅತಿ ಸುಲಭದ ಸವಾರಿ ಅಂದರೆ ರಸ್ತೆ.

ಮೊದಲು ಧೂಳು ಹೇಗೆ ಬೀಳುತ್ತದೆ ಅಂತ ನೋಡೋಣ. ಎಲ್ಲವೂ ಕಣದ ಗಾತ್ರದ ಮೇಲೆ ನಿಂತಿದೆ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. 100 ಮೈಕ್ರಾನಿನ ಕಣ ಗಾಳಿ ಅಲುಗಾಡದಿದ್ದರೆ ಸೆಕೆಂಡಿಗೆ ಸುಮಾರು 25 ಸೆಂಟಿಮೀಟರ್ ವೇಗದಲ್ಲಿ ಇಳಿಯುತ್ತದೆ. ಅಂದರೆ ಹುಟ್ಟಿದ ಜಾಗದ ಹತ್ತಿರವೇ ಬೀಳುತ್ತದೆ. 1 ಮೈಕ್ರಾನಿನ ಕಣಕ್ಕೆ ಎರಡು ಮೀಟರ್ ಇಳಿಯಲು ಹದಿನೈದು ಗಂಟೆಗೂ ಜಾಸ್ತಿ ಬೇಕು. ಅಷ್ಟರಲ್ಲಿ ಗಾಳಿ ಅದನ್ನು ಎಲ್ಲಿಗೋ ಒಯ್ದಿರುತ್ತದೆ.

ಎಲ್ಲಿಗೆ ಅಂತ ಕೇಳಿದರೆ ಉತ್ತರ ಸ್ವಲ್ಪ ವಿಚಿತ್ರವಾಗಿದೆ. ಪೋರ್ಟ್ ಪಿರಿಗೆ ಅದಿರು ಬರುತ್ತಿದ್ದದ್ದು ಬ್ರೋಕನ್ ಹಿಲ್ ಎಂಬ ಗಣಿ ಊರಿನಿಂದ. ವಿಜ್ಞಾನಿ ಜೋ ಮೆಕಾನೆಲ್ ಅವರ ತಂಡ ಅಂಟಾರ್ಕ್ಟಿಕಾದಲ್ಲಿ ಆಳಕ್ಕೆ ಕೊರೆದು ತೆಗೆದ ಮಂಜುಗಡ್ಡೆಯ ಕಂಬಗಳನ್ನು ಪರೀಕ್ಷಿಸಿ 2014ರಲ್ಲಿ ವರದಿ ಮಾಡಿತು. ಅಲ್ಲಿನ ಮಂಜಿನಲ್ಲಿ ಕೈಗಾರಿಕೆಯ ಸೀಸ ಕಾಣಿಸಿಕೊಂಡದ್ದು 1889ರ ಸುಮಾರಿಗೆ. ಅದರ ಗುರುತು ಬ್ರೋಕನ್ ಹಿಲ್ ಅದಿರಿನದೇ. ದಕ್ಷಿಣ ಧ್ರುವದಲ್ಲಿ ಮೊದಲ ಬಾರಿ ಮನುಷ್ಯ, ಅಂದರೆ ಅಮುಂಡ್ಸೆನ್ ತಂಡ, ಕಾಲಿಟ್ಟದ್ದು 1911ರ ಡಿಸೆಂಬರಿನಲ್ಲಿ. ಮನುಷ್ಯನಿಗಿಂತ 22 ವರ್ಷ ಮೊದಲೇ ಅವನ ಸೀಸ ಅಲ್ಲಿಗೆ ಮುಟ್ಟಿತ್ತು!

ಹಾಗಂತ ಹೆಚ್ಚು ಪಾಲು ದೂರ ಹೋಯಿತು ಅಂದುಕೊಳ್ಳಬೇಡಿ. ಹೆಚ್ಚು ಪಾಲು ಊರಿನಲ್ಲೇ ಉಳಿಯುತ್ತದೆ. 1979ರಲ್ಲಿ ಪೋರ್ಟ್ ಪಿರಿಯಲ್ಲಿ 205 ಮೀಟರ್ ಎತ್ತರದ ಚಿಮಣಿ ಕಟ್ಟಿದರು. ಕುಲುಮೆಯ ಹೊಗೆ ಮೇಲೆ ಹೋಯಿತು, ನಿಜ. ಆದರೆ ಕಾರ್ಖಾನೆಯ ಧೂಳೆಲ್ಲ ಚಿಮಣಿಯಿಂದಲೇ ಬರುವುದಿಲ್ಲ. ಬಯಲಲ್ಲಿ ರಾಶಿ ಹಾಕಿದ ಅದಿರಿನಿಂದ ಬರುತ್ತದೆ. ಶೆಡ್ಡಿನ ಮಾಡಿನ ಕಂಡಿಯಿಂದ, ಕನ್ವೇಯರ್ ಬೆಲ್ಟಿನ ತಿರುವಿನಿಂದ, ಲೋಡ್ ಇಳಿಸುವ ಜಾಗದಿಂದ ಬರುತ್ತದೆ. ಗೇಟು ದಾಟುವ ಲಾರಿಯ ಟೈರಿಗೆ ಮೆತ್ತಿಕೊಂಡೂ ಬರುತ್ತದೆ. ಇದೆಲ್ಲ ತಗ್ಗಿನಲ್ಲಿ ಏಳುವ ಧೂಳು. ತಗ್ಗಿನಲ್ಲೇ ಹರಡುತ್ತದೆ, ಪಕ್ಕದ ಬೀದಿಯಲ್ಲೇ ಬೀಳುತ್ತದೆ. ಚಿಮಣಿಯ ಬಾಯಲ್ಲಿ ಮೀಟರ್ ಕೂರಿಸಿ ಅಂಕಿ ತೋರಿಸುವುದು ಸುಲಭ. ಶೆಡ್ಡಿನ ಕಂಡಿಗೆ ಯಾರೂ ಮೀಟರ್ ಕೂರಿಸುವುದಿಲ್ಲ. ಕಾರ್ಖಾನೆಯ ವರದಿ ಓದುವಾಗ ಇದು ನೆನಪಿರಲಿ.

ಈಗ ಧೂಳು ರಸ್ತೆಗೆ ಬಿತ್ತು. ಮುಂದೇನು?

ಡಾಂಬರು ರಸ್ತೆ ಹೊಲದ ಹಾಗಲ್ಲ. ಹೊಲದಲ್ಲಿ ಬಿದ್ದ ಕಣ ಮಣ್ಣಿಗೆ ಸೇರಿ ಅಡಿಗೆ ಹೋಗುತ್ತದೆ. ರಸ್ತೆಯಲ್ಲಿ ಬಿದ್ದದ್ದು ಮೇಲೆಯೇ ಇರುತ್ತದೆ. ಗಾಡಿಗಳ ಗಾಳಿಗೆ ಅಂಚಿಗೆ ಸರಿದು ಸಾಲುಗಟ್ಟಿ ಕೂರುತ್ತದೆ. ಲಾರಿ ಬಂದಾಗ ಎರಡು ಕೆಲಸ ಆಗುತ್ತದೆ. ಚಕ್ರದ ಕೆಳಗೆ ದಪ್ಪ ಕಣ ಪುಡಿಯಾಗಿ ಸಣ್ಣದಾಗುತ್ತದೆ. ಲಾರಿಯ ಹಿಂದಿನ ಗಾಳಿಯ ಸುಳಿ ಆ ಸಣ್ಣ ಪುಡಿಯನ್ನು ಮತ್ತೆ ಎತ್ತುತ್ತದೆ. ಅಮೆರಿಕದ ಪರಿಸರ ಸಂಸ್ಥೆ ಟಾರು ರಸ್ತೆಯ ಧೂಳಿಗೆ ಒಂದು ಸೂತ್ರ ಇಟ್ಟುಕೊಂಡಿದೆ. ಅದರಲ್ಲಿ ಮುಖ್ಯವಾದವು ಎರಡೇ. ಒಂದು, ಒಂದು ಚದರ ಮೀಟರ್ ರಸ್ತೆಯ ಮೇಲೆ 75 ಮೈಕ್ರಾನಿಗಿಂತ ಸಣ್ಣ ಪುಡಿ ಎಷ್ಟು ಗ್ರಾಂ ಇದೆ ಅನ್ನುವುದು. ಇನ್ನೊಂದು, ಓಡುವ ಗಾಡಿಗಳ ಸರಾಸರಿ ತೂಕ. ತೂಕ ಎರಡು ಪಟ್ಟಾದರೆ ಏಳುವ ಧೂಳೂ ಹೆಚ್ಚುಕಡಿಮೆ ಎರಡು ಪಟ್ಟು. ಸ್ಕೂಟರ್ ಓಡಾಡುವ ರಸ್ತೆಗೂ ಅದಿರು ಲಾರಿ ಓಡಾಡುವ ರಸ್ತೆಗೂ ಇರುವ ಅಂತರ ಇದರಲ್ಲೇ ಗೊತ್ತಾಗುತ್ತದೆ. ಕಾರ್ಖಾನೆ ಒಂದು ವಾರ ನಿಂತರೂ ರಸ್ತೆ ನಿಲ್ಲುವುದಿಲ್ಲ. ಹಿಂದೆ ಬಿದ್ದದ್ದನ್ನು ಅದು ಕಂತು ಕಂತಾಗಿ ಗಾಳಿಗೆ ಕೊಡುತ್ತಲೇ ಇರುತ್ತದೆ.

ಗುಡಿಸಿದರೆ ಆಯಿತಲ್ಲ ಅನ್ನಬಹುದು. ಹೇಗೆ ಗುಡಿಸುತ್ತೇವೆ ಅನ್ನುವುದರ ಮೇಲಿದೆ. ಒಣ ಪೊರಕೆಯಲ್ಲಿ ರಸ್ತೆ ಗುಡಿಸುವುದು ಮೊರದಲ್ಲಿ ಕೇರಿದ ಹಾಗೆ. ಕಾಳು ಮೊರದಲ್ಲಿ ಉಳಿಯುತ್ತದೆ, ಹೊಟ್ಟು ಹಾರುತ್ತದೆ. ಕಲ್ಲು, ಮರಳು, ಎಲೆ ಗುಡ್ಡೆಯಾಗುತ್ತವೆ, ಸಣ್ಣ ಪುಡಿ ಗಾಳಿಗೆ ಏಳುತ್ತದೆ. ರಸ್ತೆಯ ವಿಷಯದಲ್ಲಿ ಆ ಹೊಟ್ಟಿನಲ್ಲೇ ಲೋಹ ದಟ್ಟವಾಗಿರುತ್ತದೆ. ಸಣ್ಣ ಕಣಗಳಿಗೆ ತೂಕಕ್ಕೆ ಹೋಲಿಸಿದರೆ ಮೈ ಜಾಸ್ತಿ. ಕುಲುಮೆಯ ಆವಿ ತಣ್ಣಗಾಗುವಾಗ ಲೋಹ ಅವುಗಳ ಮೈಗೇ ಹತ್ತಿಕೊಳ್ಳುತ್ತದೆ. ಅದನ್ನು ಮೊದಲು ಉಸಿರಾಡುವವರು ಬೆಳಗಿನ ಜಾವ ಪೊರಕೆ ಹಿಡಿದ ಪೌರಕಾರ್ಮಿಕರು. ಮುಖಕ್ಕೆ ಕಟ್ಟಿಕೊಂಡ ಸೀರೆ ಸೆರಗು ಈ ಗಾತ್ರದ ಕಣವನ್ನು ತಡೆಯುವುದಿಲ್ಲ.

ಧೂಳಿನಲ್ಲಿ ಏನಿದೆ, ಎಲ್ಲಿಂದ ಬಂತು ಅಂತ ಹೇಗೆ ಕಂಡುಹಿಡಿಯುತ್ತಾರೆ? ಈ ಭಾಗ ನನಗೆ ತುಂಬ ಇಷ್ಟ. ಕೆಲಸ ನೋಡಲು ಬಹಳ ಸಾದಾ. ರಸ್ತೆಯ ಅಂಚಿನಲ್ಲಿ ಒಂದು ಚದರ ಮೀಟರ್ ಗುರುತು ಹಾಕುತ್ತಾರೆ. ಪ್ಲಾಸ್ಟಿಕ್ ಬ್ರಷ್, ಪ್ಲಾಸ್ಟಿಕ್ ಮೊರದಿಂದ ಧೂಳು ಎತ್ತುತ್ತಾರೆ. ತಗಡಿನ ಮೊರ ಬಳಸಿದರೆ ಅದರದೇ ಸತು, ಕಬ್ಬಿಣ ಸೇರಿ ಲೆಕ್ಕ ಕೆಡುತ್ತದೆ. ಆಮೇಲೆ ಒಣಗಿಸಿ, ಜರಡಿ ಹಿಡಿಯುತ್ತಾರೆ. ಎಷ್ಟು ಸಣ್ಣ ಜರಡಿ ಅನ್ನುವುದು ದೊಡ್ಡ ಪ್ರಶ್ನೆ. ಸೀಸದ ಪರೀಕ್ಷೆಗೆ ಹಿಂದೆ 250 ಮೈಕ್ರಾನ್ ಜರಡಿ ಸಾಕು ಅನ್ನುತ್ತಿದ್ದ ಅಮೆರಿಕದ ಪರಿಸರ ಸಂಸ್ಥೆ 2016ರಲ್ಲಿ ಅದನ್ನು 150ಕ್ಕೆ ಇಳಿಸಿತು. ಮಕ್ಕಳ ಕೈಗೆ ನಿಜವಾಗಿ ಅಂಟುವುದು ಅಷ್ಟು ಸಣ್ಣ ಕಣಗಳೇ ಅನ್ನುವುದು ಕಾರಣ. ದಪ್ಪ ಜರಡಿ ಹಿಡಿದರೆ ಮರಳು ಸೇರಿ ಸರಾಸರಿ ತಗ್ಗುತ್ತದೆ, ವರದಿ ಚೆನ್ನಾಗಿ ಕಾಣುತ್ತದೆ. ಧೂಳಿನ ವರದಿ ಯಾರು ತೋರಿಸಿದರೂ ಮೊದಲು ಜರಡಿಯ ಗಾತ್ರ ಕೇಳಿ.

ಜರಡಿ ಹಿಡಿದ ಪುಡಿಯನ್ನು ಆಮ್ಲದಲ್ಲಿ ಕರಗಿಸಿ ಯಂತ್ರಕ್ಕೆ ಕೊಟ್ಟರೆ ಒಂದೊಂದು ಲೋಹವೂ ಕಿಲೋಗೆ ಎಷ್ಟು ಮಿಲಿಗ್ರಾಂ ಅಂತ ಬರುತ್ತದೆ. ಬರೀ ಈ ಅಂಕಿಯಿಂದ ಪ್ರಯೋಜನ ಇಲ್ಲ. ಯಾಕೆಂದರೆ ಮಣ್ಣಿನಲ್ಲಿ ಲೋಹ ಮೊದಲೇ ಇರುತ್ತದೆ. ಭೂಮಿಯ ಮೇಲ್ಪದರದಲ್ಲಿ ಸೀಸ ಕಿಲೋಗೆ ಸರಾಸರಿ 17 ಮಿಲಿಗ್ರಾಂ. ಆದ್ದರಿಂದ ಆ ಊರಿನ ಸಹಜ ಮಣ್ಣಿಗೆ ಹೋಲಿಸಿ, ಎಷ್ಟು ಪಟ್ಟು ಏರಿದೆ ಅಂತ ನೋಡಬೇಕು. ಜರ್ಮನಿಯ ಮ್ಯೂಲರ್ 1969ರಲ್ಲಿ ಇದಕ್ಕೊಂದು ಮಾಪಕ ಕೊಟ್ಟರು. ಸಿಕ್ಕ ಪ್ರಮಾಣವನ್ನು ಸಹಜ ಪ್ರಮಾಣದ ಒಂದೂವರೆ ಪಟ್ಟಿಗೆ ಹೋಲಿಸುವುದು, ಪ್ರತಿ ಇಮ್ಮಡಿಗೂ ಒಂದು ಮೆಟ್ಟಿಲು ಏರಿಸುವುದು. ಇಂದಿಗೂ ರಸ್ತೆ ಧೂಳಿನ ಹೆಚ್ಚಿನ ಲೇಖನಗಳಲ್ಲಿ ಇದೇ ಮೆಟ್ಟಿಲು ಸಿಗುತ್ತದೆ. ಆದರೆ ಅದು ಹೇಳುವುದು ಏರಿಕೆಯ ಕತೆ ಮಾತ್ರ. ಅಪಾಯದ ಕತೆ ಬೇರೆ.

ಮೂಲ ಪತ್ತೆ ಮಾಡುವುದು ಇನ್ನೂ ಸ್ವಾರಸ್ಯ. ಬರೀ ಗಾಡಿಗಳಿಂದಲೂ ರಸ್ತೆಗೆ ಲೋಹ ಬೀಳುತ್ತದೆ. ಟೈರ್ ಸವೆದರೆ ಸತು, ಬ್ರೇಕ್ ಸವೆದರೆ ತಾಮ್ರ, ಆಂಟಿಮನಿ, ಬೇರಿಯಂ. ಹಾಗಾಗಿ ಸತು ಸಿಕ್ಕಿತು ಅಂದ ಮಾತ್ರಕ್ಕೆ ಕಾರ್ಖಾನೆಯ ಮೇಲೆ ಬೆರಳು ತೋರಿಸುವ ಹಾಗಿಲ್ಲ. ಕಾರ್ಖಾನೆಗಳು ಈ ವಾದವನ್ನು ಚೆನ್ನಾಗಿ ಬಳಸಿಕೊಳ್ಳುತ್ತವೆ ಅನ್ನುವುದೂ ನಿಜವೇ. ಅದಕ್ಕೆ ಉತ್ತರ ಸೂಕ್ಷ್ಮದರ್ಶಕದಲ್ಲಿದೆ. ಮಣ್ಣಿನ ಕಣ ಒಡೆದ ಕಲ್ಲಿನ ಚೂರಿನ ಹಾಗೆ ಮೂಲೆ ಮೂಲೆಯಾಗಿರುತ್ತದೆ. ಕುಲುಮೆಯಲ್ಲಿ ಕರಗಿ ಹಾರಿದ ಹನಿ ಗಾಳಿಯಲ್ಲೇ ಗಟ್ಟಿಯಾಗುವಾಗ ಉರುಟಾಗುತ್ತದೆ. ಹೊಳೆಯುವ ಪುಟ್ಟ ಗುಂಡು. ಕಬ್ಬಿಣ-ಉಕ್ಕಿನ ಕಾರ್ಖಾನೆಯ ಗುಂಡುಗಳಾದರೆ ಅಯಸ್ಕಾಂತಕ್ಕೂ ಅಂಟುತ್ತವೆ. ಅಂತಹ ಉರುಟು ಗುಂಡು ರಸ್ತೆಯಲ್ಲಿ ದಂಡಿಯಾಗಿ ಸಿಕ್ಕರೆ, ಹತ್ತಿರದಲ್ಲಿ ಎಲ್ಲೋ ಭಾರೀ ಬೆಂಕಿ ಉರಿಯುತ್ತಿದೆ ಅಂತಲೇ ಲೆಕ್ಕ.

ಸೀಸಕ್ಕಂತೂ ಬೆರಳಚ್ಚೇ ಇದೆ. ಸೀಸದ ಪರಮಾಣುಗಳಲ್ಲಿ 204, 206, 207, 208 ಅಂತ ನಾಲ್ಕು ತೂಕದವು ಇವೆ. 206 ಮತ್ತು 207 ಯುರೇನಿಯಂ ಕ್ಷಯಿಸಿ ಹುಟ್ಟುತ್ತವೆ, 208 ಥೋರಿಯಂನಿಂದ. ಅದಿರು ಎಷ್ಟು ಹಿಂದೆ ಗಟ್ಟಿಯಾಯಿತು ಅನ್ನುವುದರ ಮೇಲೆ ಈ ನಾಲ್ಕರ ಪ್ರಮಾಣ ಬೇರೆ ಬೇರೆ. ಬ್ರೋಕನ್ ಹಿಲ್ ಅದಿರು ಬಹಳ ಹಳೆಯದು, 160 ಕೋಟಿ ವರ್ಷಕ್ಕೂ ಹೆಚ್ಚು. ಅದರಲ್ಲಿ 206ಕ್ಕೂ 207ಕ್ಕೂ ಇರುವ ಅನುಪಾತ ಸುಮಾರು 1.04. ಸಹಜ ಮಣ್ಣಿನಲ್ಲಿ ಸಾಮಾನ್ಯವಾಗಿ 1.2ರ ಆಸುಪಾಸು. ಕರಗಿಸಿದರೂ, ಸುಟ್ಟರೂ, ಸಾವಿರಾರು ಕಿಲೋಮೀಟರ್ ಹಾರಿದರೂ ಈ ಅನುಪಾತ ಬದಲಾಗುವುದಿಲ್ಲ. ಅಂಟಾರ್ಕ್ಟಿಕಾದಲ್ಲಿ ಸಿಕ್ಕಿಬಿದ್ದದ್ದು ಹೀಗೆ.

ಇಷ್ಟಾದರೂ ಒಂದು ಪ್ರಶ್ನೆ ಬಾಕಿ ಇದೆ. ಲೋಹ ಇದೆ ಅಂತ ಗೊತ್ತಾಯಿತು. ಅದು ಮೈಗೆ ಹತ್ತುತ್ತದೆಯೇ?

ಪಶ್ಚಿಮ ಆಸ್ಟ್ರೇಲಿಯಾದ ಎಸ್ಪರೆನ್ಸ್ ಎಂಬ ಬಂದರಿನಲ್ಲಿ 2006ರ ಡಿಸೆಂಬರಿನಿಂದ ಹಕ್ಕಿಗಳು ಸಾಯತೊಡಗಿದವು. ಮುಂದಿನ ವರ್ಷ ಮಾರ್ಚ್ ಹೊತ್ತಿಗೆ ಲೆಕ್ಕ ಸುಮಾರು 9,500. ಆ ಬಂದರಿನಿಂದ ಒಂದು ಗಣಿಯ ಸೀಸದ ಪುಡಿ ಹಡಗಿಗೆ ತುಂಬುತ್ತಿದ್ದರು. ಸಾಗಿಸುವಾಗ, ತುಂಬುವಾಗ ಪುಡಿ ಊರ ಮೇಲೆ ಹಾರಿತ್ತು. ಮನೆಗಳ ಮಾಡಿನ ಮೇಲೆ ಬಿದ್ದು, ಮಳೆ ನೀರಿನ ಟ್ಯಾಂಕಿಗೂ ಸೇರಿತ್ತು. ಅಲ್ಲಿ ಕುಲುಮೆ ಇರಲಿಲ್ಲ, ಚಿಮಣಿ ಇರಲಿಲ್ಲ. ಬರೀ ಸಾಗಾಟ. ಹಕ್ಕಿಗಳ ಮೈಯ ಸೀಸ ಯಾವ ಗಣಿಯದು ಅನ್ನುವುದನ್ನು ಮತ್ತೆ ಅದೇ ಅನುಪಾತದ ಬೆರಳಚ್ಚಿನಿಂದ ಹಿಡಿದರು.

ಇಲ್ಲಿ ಗಮನಿಸಬೇಕಾದ್ದು ಸೀಸ ಯಾವ ರೂಪದಲ್ಲಿತ್ತು ಅನ್ನುವುದು. ಹೆಚ್ಚಿನ ಗಣಿಗಳಲ್ಲಿ ಸೀಸ ಗಂಧಕದ ಜೊತೆ ಸೇರಿಕೊಂಡು ಗೆಲೀನಾ ಎಂಬ ಖನಿಜವಾಗಿ ಸಿಗುತ್ತದೆ. ಅದು ಹೊಟ್ಟೆಯ ಆಮ್ಲದಲ್ಲಿ ಅಷ್ಟು ಸುಲಭವಾಗಿ ಕರಗುವುದಿಲ್ಲ. ಎಸ್ಪರೆನ್ಸ್‌ನಲ್ಲಿ ಹಾರಿದ್ದು ಸೀಸದ ಕಾರ್ಬೊನೇಟ್. ಅಡುಗೆ ಸೋಡಾಕ್ಕೆ ನಿಂಬೆಹುಳಿ ತಾಗಿದರೆ ನೊರೆ ಬರುತ್ತದಲ್ಲ, ಹೆಚ್ಚುಕಡಿಮೆ ಅದೇ ರಸಾಯನ. ಹೊಟ್ಟೆಗೆ ಹೋದ ಕೂಡಲೇ ಕರಗುತ್ತದೆ. ಕುಲುಮೆಯಿಂದ ಬರುವ ಸೀಸದ ಆಕ್ಸೈಡ್, ಸಲ್ಫೇಟುಗಳೂ ಗೆಲೀನಾಗಿಂತ ಬೇಗ ಕರಗುವಂಥವು. ಅಂದರೆ ಎರಡು ಊರುಗಳ ಧೂಳಿನಲ್ಲಿ ಸೀಸದ ಅಂಕಿ ಒಂದೇ ಇದ್ದರೂ ಮಕ್ಕಳ ರಕ್ತದಲ್ಲಿ ಒಂದೇ ಇರಬೇಕಾಗಿಲ್ಲ. ಅದಕ್ಕೇ ಈಗ ಕೆಲವು ಲ್ಯಾಬುಗಳು ಧೂಳನ್ನು ಹೊಟ್ಟೆಯ ಆಮ್ಲದಂಥ ದ್ರಾವಣದಲ್ಲಿ ಮೈ ಬಿಸಿಯಲ್ಲೇ ಒಂದು ಗಂಟೆ ತಿರುಗಿಸಿ, ಎಷ್ಟು ಕರಗಿತು ಅಂತ ನೋಡುತ್ತವೆ.

ನಮ್ಮ ಸಂಡೂರು, ಹೊಸಪೇಟೆ, ತೋರಣಗಲ್ಲು ಕಡೆ ಓಡಾಡಿದವರಿಗೆ ಕೆಂಪು ಧೂಳು ಗೊತ್ತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸುವ ಮೊದಲಿನ ವರ್ಷಗಳಲ್ಲಂತೂ ಮರ, ಬೆಳೆ, ಮಾಡು ಎಲ್ಲ ಕೆಂಪು. ಆ ಕೆಂಪು ಬಣ್ಣ ಹೆಮಟೈಟ್‌ನದು, ಅಂದರೆ ಕಬ್ಬಿಣದ ಅದಿರಿನದು. ಅದು ಹೊಟ್ಟೆಯಲ್ಲಿ ಬಹುಪಾಲು ಕರಗುವುದೇ ಇಲ್ಲ. ಹಾಗಂತ ಅದು ನಿರಪಾಯ ಅಲ್ಲ. ಸಣ್ಣ ಕಣ ಶ್ವಾಸಕೋಶಕ್ಕೆ ಹೋದರೆ ತೊಂದರೆ ಇದ್ದದ್ದೇ. ಎಲೆ ಮುಚ್ಚಿಹೋದರೆ ಬೆಳೆಗೂ ನಷ್ಟ. ಸಂಡೂರಿನ ಬೆಟ್ಟಗಳಲ್ಲಿ ಮ್ಯಾಂಗನೀಸ್ ಬೇರೆ ಇದೆ. ಮ್ಯಾಂಗನೀಸ್ ಸೀಸಕ್ಕೆ ಉಲ್ಟಾ. ಊಟದಲ್ಲಿ ಸ್ವಲ್ಪ ಹೆಚ್ಚಾದರೆ ಪಿತ್ತಕೋಶದ ದಾರಿಯಲ್ಲಿ ದೇಹವೇ ಹೊರಗೆ ಹಾಕುತ್ತದೆ. ಉಸಿರಿನಲ್ಲಿ ಹೋದರೆ ಆ ಕಾವಲು ತಪ್ಪಿಸಿ ಮಿದುಳು ಸೇರಬಲ್ಲದು. ಮ್ಯಾಂಗನೀಸ್ ಪುಡಿ ಮಾಡುವ ಕೆಲಸಗಾರರಲ್ಲಿ ಕೈಕಾಲಿನ ಹಿಡಿತ ತಪ್ಪುವುದನ್ನು ಗ್ಲಾಸ್ಗೋದ ವೈದ್ಯ ಕೂಪರ್ 1837ರಲ್ಲೇ ಬರೆದಿದ್ದರು. ಕ್ರೋಮಿಯಂನಲ್ಲೂ ಹೀಗೇ. ಒಂದು ರೂಪ ಹೆಚ್ಚು ತೊಂದರೆ ಕೊಡದು, ಇನ್ನೊಂದು ರೂಪ ಕ್ಯಾನ್ಸರ್ ತರುತ್ತದೆ.

ಬಣ್ಣ ನೋಡಿ ಧೂಳನ್ನು ಅಳೆಯುವ ನಮ್ಮ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ಕಣ್ಣಿಗೆ ರಾಚುವ ಕೆಂಪಿಗೆ ಜನ ಬೀದಿಗೆ ಇಳಿಯುತ್ತಾರೆ. ಹಳೆ ಬ್ಯಾಟರಿ ಒಡೆದು ಸೀಸ ಕರಗಿಸುವ ಶೆಡ್ಡಿನ ಮುಂದಿನ ಬೂದು ಧೂಳು, ಗುಜರಿ ಕಬ್ಬಿಣ ಕರಗಿಸುವ ವಿದ್ಯುತ್ ಕುಲುಮೆಯ ಸತು-ಸೀಸದ ಧೂಳು ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ಸಾಮಾನ್ಯ ರಸ್ತೆ ಧೂಳಿನ ಹಾಗೇ ಕಾಣುತ್ತದೆ.

ಈಗ ಮಗುವಿನ ಹತ್ತಿರ ಬರೋಣ. ಒಂದು-ಎರಡು ವರ್ಷದ ಮಗು ಅಂಬೆಗಾಲಿಡುತ್ತದೆ, ಸಿಕ್ಕಿದ್ದನ್ನು ಬಾಯಿಗೆ ಹಾಕುತ್ತದೆ. ಸಣ್ಣ ಮಕ್ಕಳು ಹೀಗೆ ದಿನಕ್ಕೆ ಸುಮಾರು 100 ಮಿಲಿಗ್ರಾಂ ಮಣ್ಣು-ಧೂಳು ನುಂಗುತ್ತಾರೆ ಅಂತ ಇಟ್ಟುಕೊಳ್ಳಿ, ಅದು ಅತಿಶಯ ಏನಲ್ಲ. ಒಂದು ಚಿಟಿಕೆಗಿಂತಲೂ ಕಡಿಮೆ. ಧೂಳಿನಲ್ಲಿ ಕಿಲೋಗೆ 1,000 ಮಿಲಿಗ್ರಾಂ ಸೀಸ ಇದ್ದರೆ ಆ ಚಿಟಿಕೆಯಲ್ಲಿ 100 ಮೈಕ್ರೋಗ್ರಾಂ ಸೀಸ. ಇದು ಎಷ್ಟು ದೊಡ್ಡದು? ನಮ್ಮ ದೇಶದ ಕುಡಿಯುವ ನೀರಿನ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ ಸೀಸ. ಅಂದರೆ ಆ ಮಗು ಮಿತಿಯ ಅಂಚಿನಲ್ಲಿರುವ ಹತ್ತು ಲೀಟರ್ ನೀರು ದಿನಾ ಕುಡಿದಷ್ಟಾಯಿತು. ಅದೇ ಊರಿನ ಗಾಳಿಯ ವರದಿಯಲ್ಲಿ ಸೀಸ ಮಿತಿಯೊಳಗೇ ಇರಬಹುದು. ಯಾಕೆಂದರೆ ಈ ಸೀಸ ಬಂದದ್ದು ಉಸಿರಿನಿಂದಲ್ಲ, ಬೆರಳಿನಿಂದ.

ದೊಡ್ಡವರು ನುಂಗಿದ ಸೀಸದಲ್ಲಿ ಹತ್ತರಲ್ಲಿ ಒಂದು ಪಾಲು ರಕ್ತಕ್ಕೆ ಹೋದರೆ, ಸಣ್ಣ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧ ಹೋಗುತ್ತದೆ. ಬೆಳೆಯುವ ದೇಹ ಕ್ಯಾಲ್ಸಿಯಂ, ಕಬ್ಬಿಣಕ್ಕಾಗಿ ಬಾಗಿಲು ತೆರೆದು ಕೂತಿರುತ್ತದೆ. ಸೀಸ ಅದೇ ಬಾಗಿಲಲ್ಲಿ ನುಗ್ಗುತ್ತದೆ. ಮಗುವಿಗೆ ಕಬ್ಬಿಣದ ಕೊರತೆ ಇದ್ದರೆ ಕರುಳು ಆ ಬಾಗಿಲುಗಳನ್ನು ಇನ್ನಷ್ಟು ಹೆಚ್ಚಿಸಿಕೊಳ್ಳುತ್ತದೆ, ಸೀಸಕ್ಕೆ ದಾರಿ ಇನ್ನೂ ಸಲೀಸು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಐದು ವರ್ಷದೊಳಗಿನ ಶೇ. 67ರಷ್ಟು ಮಕ್ಕಳಿಗೆ ರಕ್ತಹೀನತೆ. ಆಸ್ಟ್ರೇಲಿಯಾದ ಧೂಳಿನ ಲೆಕ್ಕವನ್ನು ಹಾಗೇ ಇಲ್ಲಿಗೆ ತಂದರೆ ನಮ್ಮ ಮಕ್ಕಳ ಅಪಾಯ ಕಡಿಮೆ ಮಾಡಿ ತೋರಿಸಿದಂತೆ.

ರಕ್ತಕ್ಕೆ ಹೋದ ಸೀಸ ಏನು ಮಾಡುತ್ತದೆ ಅನ್ನುವುದಕ್ಕೆ ಜಗತ್ತು ನೆಚ್ಚಿಕೊಂಡ ಸಾಕ್ಷಿಗಳಲ್ಲಿ ಒಂದು ಪೋರ್ಟ್ ಪಿರಿಯದೇ. 1979ರಿಂದ 1982ರವರೆಗೆ ಅಲ್ಲಿ ಹುಟ್ಟಿದ ಏಳುನೂರಕ್ಕೂ ಹೆಚ್ಚು ಮಕ್ಕಳನ್ನು ಆಂಥನಿ ಮೆಕ್‌ಮೈಕೆಲ್ ಮತ್ತು ಪೀಟರ್ ಬ್ಯಾಗ್‌ಹರ್ಸ್ಟ್ ತಂಡ ವರ್ಷಗಟ್ಟಲೆ ಹಿಂಬಾಲಿಸಿತು. ರಕ್ತದ ಸೀಸ ಎರಡನೇ ವಯಸ್ಸಿನ ಹೊತ್ತಿಗೆ ಅತಿ ಹೆಚ್ಚು ಇತ್ತು, ಸರಾಸರಿ ಡೆಸಿಲೀಟರಿಗೆ 21 ಮೈಕ್ರೋಗ್ರಾಂ. ಅಂಬೆಗಾಲಿನ, ಬಾಯಿಗೆ ಕೈ ಹಾಕುವ ವಯಸ್ಸು ಅದೇ, ಅಲ್ವಾ? ನಾಲ್ಕನೇ ವಯಸ್ಸಿನಲ್ಲಿ ಬುದ್ಧಿ ಪರೀಕ್ಷೆ ಮಾಡಿದಾಗ, ಸೀಸ ಸುಮಾರು 10 ಇದ್ದವರಿಗಿಂತ 30ರ ಹತ್ತಿರ ಇದ್ದವರು ಏಳು ಅಂಕದಷ್ಟು ಹಿಂದಿದ್ದರು. 1988ರಲ್ಲಿ ಇದು ಪ್ರಕಟವಾಯಿತು. ಅಲ್ಲಿಂದ ಮಿತಿ ಇಳಿಯುತ್ತಲೇ ಬಂದಿದೆ. ಅಮೆರಿಕದಲ್ಲಿ 1985ರಲ್ಲಿ 25 ಇದ್ದ ಗಡಿ 1991ಕ್ಕೆ 10, 2012ಕ್ಕೆ 5, 2021ಕ್ಕೆ 3.5. ಸುರಕ್ಷಿತ ಅನ್ನಬಹುದಾದ ಮಟ್ಟ ಗೊತ್ತಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ರಕ್ತದಲ್ಲಿ ಸೀಸ ತಿಂಗಳೊಂದರಲ್ಲಿ ಅರ್ಧಕ್ಕೆ ಇಳಿಯುತ್ತದೆ. ಆದರೆ ಅಷ್ಟರಲ್ಲಿ ಮೂಳೆ ಸೇರಿದ್ದು ದಶಕಗಟ್ಟಲೆ ಕೂರುತ್ತದೆ.

1984ರಲ್ಲಿ ಪೋರ್ಟ್ ಪಿರಿಯಲ್ಲಿ ಸರ್ಕಾರ ಊರು ತೊಳೆಯುವ ದೊಡ್ಡ ಕಾರ್ಯಕ್ರಮ ಶುರು ಮಾಡಿತು. ಮನೆಗಳ ಅಟ್ಟದ ಧೂಳು ತೆಗೆದರು. ಹಿತ್ತಲಿನ ಮಣ್ಣು ಬದಲಿಸಿದರು. ಗಿಡ ನೆಟ್ಟರು. ತಾಯಂದಿರಿಗೆ ಮಕ್ಕಳ ಕೈ ತೊಳೆಸಿ, ನೆಲ ಒರೆಸಿ ಅಂತ ಮನೆ ಮನೆಗೆ ಹೋಗಿ ಹೇಳಿದರು. ರಕ್ತದ ಸೀಸ ಇಳಿಯಿತು, ಸುಳ್ಳಲ್ಲ. ಆದರೆ ಒಂದು ಹಂತಕ್ಕೆ ನಿಂತುಬಿಟ್ಟಿತು. ಕೆಲವು ವರ್ಷದ ನಂತರ ನೋಡಿದರೆ ತೊಳೆದ ಮನೆಗಳಲ್ಲಿ ಮತ್ತೆ ಧೂಳು ಕೂತಿತ್ತು. ಬರುವುದು ನಿಂತಿರಲಿಲ್ಲವಲ್ಲ! ಮುಂದೆ ಕುಲುಮೆಯನ್ನೇ ಹೊಸದಾಗಿ ಕಟ್ಟಲು ಕೋಟಿಗಟ್ಟಲೆ ಡಾಲರ್ ಸುರಿದರು. ಆದರೂ ಸಮಸ್ಯೆ ಪೂರ್ತಿ ಬಗೆಹರಿದಿಲ್ಲ. ಇಂದಿಗೂ ಆ ಊರಿನ ಮಕ್ಕಳ ರಕ್ತದ ಸೀಸವನ್ನು ಸರ್ಕಾರ ವರ್ಷವರ್ಷ ಪ್ರಕಟಿಸುತ್ತದೆ. ನನಗೆ ಇದರಲ್ಲಿ ಕಾಣುವುದು ಇಷ್ಟು: ಧೂಳಿನ ಹೊಣೆಯನ್ನು ಪೊರಕೆ ಹಿಡಿದವರ ಮೇಲೆ, ಅದರಲ್ಲೂ ಹೆಂಗಸರ ಮೇಲೆ ಹಾಕುವುದು ಎಲ್ಲ ಕಡೆಯೂ ಸುಲಭದ ದಾರಿ. ಕೈ ತೊಳೆಯಿರಿ ಅನ್ನುವ ಬೋರ್ಡು ಅಗ್ಗ, ಅದಿರಿನ ರಾಶಿಗೆ ಶೆಡ್ಡು ಕಟ್ಟುವುದು ದುಬಾರಿ.

ನಮ್ಮಲ್ಲೂ ಮೂಲ ನಿಲ್ಲಿಸಿದ ಒಂದು ಒಳ್ಳೆಯ ಉದಾಹರಣೆ ಇದೆ. 1990ರ ದಶಕದಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಮತ್ತು ಜೊತೆಗಾರರು ದೊಡ್ಡ ನಗರಗಳ ಮಕ್ಕಳ ರಕ್ತ ಪರೀಕ್ಷಿಸಿದರು. ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಲ್ಲಿ ಸೀಸ 10ಕ್ಕಿಂತ ಮೇಲಿತ್ತು. 2000ದಲ್ಲಿ ದೇಶದಾದ್ಯಂತ ಸೀಸ ಬೆರೆಸಿದ ಪೆಟ್ರೋಲ್ ನಿಂತಿತು. ಯಾರೂ ಮನೆ ಮನೆಗೆ ಹೋಗಿ ಕೈ ತೊಳೆಸಬೇಕಾಗಲಿಲ್ಲ. ಆದರೂ 2020ರಲ್ಲಿ ಯುನಿಸೆಫ್ ಕೊಟ್ಟ ಅಂದಾಜಿನಲ್ಲಿ ಭಾರತದ 27.5 ಕೋಟಿ ಮಕ್ಕಳ ರಕ್ತದಲ್ಲಿ ಸೀಸ 5ಕ್ಕಿಂತ ಜಾಸ್ತಿ. ಇದೆಲ್ಲ ರಸ್ತೆ ಧೂಳಿನದಲ್ಲ. ಬ್ಯಾಟರಿ ಕರಗಿಸುವ ಶೆಡ್ಡು, ಬಣ್ಣ ಬೆರೆಸಿದ ಅರಿಶಿನ, ಕೆಲವು ಪಾತ್ರೆಗಳು, ಹಳೆ ಪೇಂಟು, ಎಲ್ಲಕ್ಕೂ ಪಾಲಿದೆ. ನಮ್ಮ 2009ರ ರಾಷ್ಟ್ರೀಯ ಮಾನದಂಡದ ಪಟ್ಟಿಯಲ್ಲಿ ಸೀಸ, ಆರ್ಸೆನಿಕ್, ನಿಕ್ಕಲ್ ಮೂರೂ ಇವೆ. ಸೀಸಕ್ಕೆ ವರ್ಷದ ಸರಾಸರಿ ಘನ ಮೀಟರಿಗೆ 0.5 ಮೈಕ್ರೋಗ್ರಾಂ. ಆದರೆ ಆ ಪಟ್ಟಿ ಗಾಳಿಯದು. ರಸ್ತೆಯ ಅಂಚಿನಲ್ಲಿ ಸಾಲುಗಟ್ಟಿ ಕೂತ ಪುಡಿಗೆ ಅದರಲ್ಲಿ ಜಾಗ ಇಲ್ಲ.

ಕಾರ್ಖಾನೆ ಪಕ್ಕದಲ್ಲೇ ಮನೆ ಇರುವವರು ಮಾಡಬಹುದಾದ್ದು ಸ್ವಲ್ಪ ಇದೆ, ಹೇಳಿಬಿಡುತ್ತೇನೆ. ಚಪ್ಪಲಿ ಹೊರಗೇ ಬಿಡುವ ನಮ್ಮ ರೂಢಿ ಈ ವಿಷಯದಲ್ಲಿ ಬಹಳ ಒಳ್ಳೆಯದು. ಒಳಗೆ ಒಣ ಪೊರಕೆಗಿಂತ ಒದ್ದೆ ಬಟ್ಟೆ. ಕೆಲಸದ ಬಟ್ಟೆ ಬೇರೆಯಾಗಿ ಒಗೆಯಬೇಕು. ಮಗು ಆಡುವ ಅಂಗಳದ ಬರಿ ಮಣ್ಣಿಗೆ ಹುಲ್ಲೋ ಕಲ್ಲೋ ಹಾಸಬೇಕು. ರಾಗಿ, ಸೊಪ್ಪು, ಮೊಟ್ಟೆ ಸಾಕಷ್ಟು ಕೊಡಬೇಕು, ಕ್ಯಾಲ್ಸಿಯಂ ಮತ್ತು ಕಬ್ಬಿಣ ಹೊಟ್ಟೆಯಲ್ಲಿದ್ದರೆ ಸೀಸಕ್ಕೆ ಜಾಗ ಕಡಿಮೆ. ಅನುಮಾನ ಇದ್ದರೆ ಮಗುವಿನ ರಕ್ತದ ಸೀಸ ಪರೀಕ್ಷೆ ಮಾಡಿಸಬೇಕು. ಖಚಿತ ಅಂಕಿಗೆ ರಕ್ತನಾಳದಿಂದ ತೆಗೆದ ರಕ್ತವೇ ಬೇಕು. ಬೆರಳು ಚುಚ್ಚಿ ತೆಗೆದರೆ ಚರ್ಮದ ಮೇಲಿನ ಧೂಳೂ ಸೇರಿ ಅಂಕಿ ಸುಮ್ನೆ ಏರಬಹುದು.

ಇದಕ್ಕಿಂತ ದೊಡ್ಡ ಅವಕಾಶ ಇರುವುದು ಕಾರ್ಖಾನೆ ಬರುವ ಮೊದಲು, ಅಥವಾ ವಿಸ್ತರಣೆಗೆ ಅರ್ಜಿ ಹಾಕಿದಾಗ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಭಾರೀ ಕೈಗಾರಿಕೆಗಳಿಗೆ ಸಾಮಾನ್ಯವಾಗಿ ಸಾರ್ವಜನಿಕ ಅಹವಾಲು ಸಭೆ ಕಡ್ಡಾಯ. ಕನಿಷ್ಠ 30 ದಿನ ಮೊದಲು ಸ್ಥಳೀಯ ಭಾಷೆಯ ಪತ್ರಿಕೆಯಲ್ಲಿ ನೋಟಿಸ್ ಬರಬೇಕು. ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಇಂತಹ ಸಭೆಗಳಲ್ಲಿ ಕೆಲಸ ಎಷ್ಟು ಜನಕ್ಕೆ, ಪರಿಹಾರ ಎಷ್ಟು ಅನ್ನುವುದರಲ್ಲೇ ಹೊತ್ತು ಕಳೆದುಹೋಗುತ್ತದೆ. ಅದೂ ಬೇಕು. ಜೊತೆಗೆ ನಾಲ್ಕು ಪ್ರಶ್ನೆ ಸೇರಿಸಿ. ಈಗಿನ ರಸ್ತೆ ಧೂಳಿನಲ್ಲಿ, 150 ಮೈಕ್ರಾನ್ ಜರಡಿ ಹಿಡಿದು, ಯಾವ ಲೋಹ ಎಷ್ಟಿದೆ ಅಂತ ಅಳೆದಿದ್ದೀರಾ? ಕಾರ್ಖಾನೆ ಶುರುವಾದ ಮೇಲೆ ಏರಿತು ಅಂತ ಹೇಳಬೇಕಾದರೆ ಮೊದಲಿನ ಅಂಕಿ ಬೇಕೇ ಬೇಕು. ಅದಿರು ಮತ್ತು ಬೂದಿಯ ರಾಶಿಗೆ ಮುಚ್ಚಿದ ಶೆಡ್ ಇದೆಯೇ? ಗೇಟಿನಲ್ಲಿ ಲಾರಿಯ ಚಕ್ರ ತೊಳೆಯುವ ವ್ಯವಸ್ಥೆ ಎಲ್ಲಿ? ಊರೊಳಗಿನ ರಸ್ತೆಯನ್ನು ಧೂಳು ಹೀರುವ ಯಂತ್ರದಿಂದ ಯಾರ ಖರ್ಚಿನಲ್ಲಿ, ವಾರಕ್ಕೆ ಎಷ್ಟು ಸಲ ಗುಡಿಸುತ್ತೀರಿ?

ಸಭೆ ಮುಗಿಯುವಾಗ ಎಲ್ಲರ ಮಾತಿನ ಸಾರಾಂಶವನ್ನು ಅಲ್ಲೇ ಕನ್ನಡದಲ್ಲಿ ಓದಿ ಹೇಳಬೇಕು, ಅದೇ ದಿನ ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ ಸಹಿ ಹಾಕಬೇಕು ಅನ್ನುವುದು ನಿಯಮ. ಹೆಚ್ಚಿನವರು ಅಷ್ಟರಲ್ಲಿ ಮನೆಗೆ ಹೊರಟಿರುತ್ತಾರೆ. ಕೂತಿರಿ. ಓದುವಾಗ ನಿಮ್ಮ ಪ್ರಶ್ನೆ ಬಂತಾ ಅಂತ ಕೇಳಿಸಿಕೊಳ್ಳಿ. ಬಿಟ್ಟುಹೋಗಿದ್ದರೆ ಸಹಿ ಬೀಳುವ ಮೊದಲು ಎದ್ದು ನಿಂತು ಸೇರಿಸಲು ಹೇಳಿ.